ಹಾವೇರಿ ಸೀಮೆಯ ಮನೆಗಳು: ಕಟ್ಟಡವೂ ಹಕ್ಕೂ

೧

ಕನ್ನಡದಲ್ಲಿ ಮನೆಯೆಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಗೋಡೆ, ಕಂಬ, ಮಾಳಿಗೆಗಳಿಂದ ಕೂಡಿದ ಕಟ್ಟಡವು ಒಂದು. ಆ ಕಟ್ಟಡದಲ್ಲಿ ಬಾಳುವ ಕುಟುಂಬವು ಇನ್ನೊಂದು. ಮನೆತನ, ಮನೆದೇವರು, ಮನೆವಾರ್ತೆ ಮೊದಲಾದ ಮಾತುಗಳಲ್ಲಿ ಎರಡನೆಯ ಅರ್ಥವೇ ಮುಂದಾಗಿರುವುದು. ಮನೆಯನ್ನು ಕೊಳ್ಳಲು ಅಥವಾ ಬಾಡಿಗೆಗೆ ಹಿಡಿಯಲು ಹೊರಟವನಾದರೋ ಸಾಮಾನ್ಯವಾಗಿ ಮೊದಲನೆಯ ಅರ್ಥವನ್ನೇ ಹಿಡಿದು ನಡೆಯುತ್ತಾನೆ. ಮನೆಯು ಮಾಳಿಗೆಯದೋ ಹಂಚಿನದೋ, ಎಷ್ಟು ಅಂಕಣದ್ದು, ನೀರು ಬೆಳಕುಗಳು ಹೇಗಿವೆ ಎಂದು ಕೇಳುತ್ತಾನೆ. ಈ ಪ್ರಶ್ನೆಗಳು ಅವಶ್ಯವೇ ಸರಿ. ಆದರೆ ಪ್ರತಿಯೊಂದು ಮನೆಗೂ ಕಟ್ಟಡದಿಂದ ಬರುವ ಭೇದವು ಒಂದಿರುವಂತೆ, ಹಕ್ಕಿನಿಂದ ಬರುವ ಭೇದವೂ ಒಂದಿರುತ್ತದೆ. ಮೊದಲನೆಯದು ಕಣ್ಣಿಗೆ ಕಾಣುವುದು, ಎರಡನೆಯದು ಕಾಣದು. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಎಂಬ ಮೂರು ಪೇಟೆಗಳ ವಾಸಗೃಹಗಳ ಇತಿಹಾಸವನ್ನು ಪರಿಶೀಲಿಸಿದರೆ, ಕಟ್ಟಡದ ಬಗೆಗಳು ಕಾಲಕಾಲಕ್ಕೆ ಮಾರ್ಪಟ್ಟಿದ್ದರೂ ಹಕ್ಕಿನ ಬಗೆಗಳು ಬಹುಮಟ್ಟಿಗೆ ಹಿಂದಿನವೇ ಆಗಿ ಉಳಿದಿವೆಯೆಂಬ ಸಂಗತಿಯು ಕಂಡುಬರುತ್ತದೆ. ಇದನ್ನು ಸಾಧಾರವಾಗಿ ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶವು.

೨

ಈ ಮೂರು ಊರುಗಳೂ ಹುಬ್ಬಳ್ಳಿಯಿಂದ ಹರಿಹರಕ್ಕೆ ಹೋಗುವ ಒಂದೇ ರೈಲುದಾರಿಯ ಮೇಲಿವೆ. ೧೮೧೮ರಲ್ಲಿ ಪೇಶವೆಯರ ಆಳಿಕೆಯು ಕೊನೆಗಂಡ ತರುವಾಯ ಈ ಸೀಮೆಯು ಬ್ರಿಟಿಷರ ಕೈಸೇರಿ, ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಒಳಪಟ್ಟಿತ್ತು. ೧೯೫೬ನೆಯ ನವಂಬರ ೧ರಂದು ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು; ೧೯೯೭ರಲ್ಲಿ ಹಾವೇರಿಯು ಬೇರೊಂದು ಜಿಲ್ಲೆಯ ಮುಖ್ಯಸ್ಥಳವಾಯಿತು. ಇಂದು ಹಾವೇರಿ ಮತ್ತು ರಾಣೇಬೆನ್ನೂರುಗಳಿಗೆ ನಗರಸಭೆಗಳೂ ಬ್ಯಾಡಗಿಗೆ ಪುರಸಭೆಯೂ ಇವೆ.

ಈ ಸೀಮೆಯು ಮಲೆನಾಡಿಗೂ ಬಯಲುಸೀಮೆಗೂ ನಡುವೆ ಇರುವುದರಿಂದ ಎರಡು ಕಡೆಯ ಮನೆಗಳೂ ಇಲ್ಲಿ ಸಂಧಿಸುತ್ತವೆ. ಪಡುವಲಿನಲ್ಲಿ ಹಾನಗಲ್ಲಿನ ದಿಕ್ಕಿಗೆ ಮಳೆ ಹೆಚ್ಚು. ಅಲ್ಲಿ ಇಳಿಜಾರಾದ ಹುಲ್ಲಿನ ಅಥವಾ ಹಂಚಿನ ಮಾಡು. ಮೂಡಲಿನಲ್ಲಿ ಮಳೆ ಕಡಿಮೆ. ಅಲ್ಲಿ ತೊಲೆ ಜಂತಿಗಳ ಮೇಲೆ ಮಣ್ಣು ಹರಡಿ ಬಡಿದ ಸಮತಟ್ಟಾದ ಮಾಳಿಗೆ. ಮಾಳಿಗೆಯ ಮನೆಯು ಬೇಸಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ; ಆದರೆ ವರುಷವರುಷವೂ ಮಳೆಗಾಲಕ್ಕೆ ಮೊದಲು ಮಣ್ಣು ಹಾಕಿ ತುಳಿಯದಿದ್ದರೆ ಸೋರುವುದು. ಬೆಳಕು ಬರುವುದು ಮುಖ್ಯವಾಗಿ ತಲೆಬಾಗಿಲಿನಿಂದಲೂ ಮೇಲಿನ ಬೆಳಕಿಂಡಿಯಿಂದಲೂ. ಗೋಡೆಗಳು ನೆರೆಮನೆಯ ಗೋಡೆಗಳಿಗೆ ಅಂಟಿಕೊಂಡಿರುವುದರಿಂದ ಪಕ್ಕದಲ್ಲಿ ಕಿಟಕಿಗಳಿಗೆ ಅವಕಾಶವು ಕಡಿಮೆ.

ಹಳೆಯ ಮನೆಗಳಲ್ಲಿ ಸ್ಥೂಲವಾಗಿ ನಾಲ್ಕು ಬಗೆಗಳನ್ನು ಗುರುತಿಸಬಹುದು. ಮೊದಲನೆಯದು ಒಕ್ಕಲಿಗನ ಮನೆ. ಇದನ್ನು ಅಳೆಯುವುದು ಅಂಕಣಗಳಿಂದ, ಎಂದರೆ ಕಂಬದಿಂದ ಕಂಬಕ್ಕೆ ಇರುವ ಅಂತರಗಳಿಂದ. ಒಳಹೊಕ್ಕೊಡನೆ ತಗ್ಗಿನಲ್ಲಿ ದನಗಳ ಸ್ಥಳ ಮತ್ತು ಗೋದಲಿ, ಅದಕ್ಕಿಂತ ಎತ್ತರದಲ್ಲಿ ಪಡಸಾಲೆ, ಅದರಾಚೆ ನಡುಮನೆ, ದೇವರ ಜಗಲಿ, ಅಡಿಗೆಮನೆ, ಬಚ್ಚಲು, ಕೊನೆಗೆ ಹಿತ್ತಲು. ಜೋಳವನ್ನು ತುಂಬಿಡಲು ನೆಲದೊಳಗೆ ಹಗೇವು ಇರುತ್ತಿತ್ತು. ಎರಡನೆಯದು ದೇಸಾಯರ ಮತ್ತು ಗೌಡರ ವಾಡೆ. ಎತ್ತರವಾದ ಗೋಡೆ, ದೊಡ್ಡ ಬಾಗಿಲು, ಒಳಗೆ ಅಂಗಳ, ಅಂಗಳದ ಸುತ್ತಲೂ ಸಾಲುಗಂಬಗಳ ಪಡಸಾಲೆಗಳು ಇದರ ಲಕ್ಷಣಗಳು. ಮೂರನೆಯದು ಪೇಟೆಯ ವ್ಯಾಪಾರಸ್ಥನ ಮನೆ. ಬೀದಿಯ ಕಡೆಗೆ ಅಂಗಡಿ, ಹಿಂದೆ ಸಂಸಾರ, ಮೇಲೆ ಮಹಡಿ, ಹಿತ್ತಲಿನ ಕಡೆಗೆ ವಖಾರಿ. ನಾಲ್ಕನೆಯದು ಊರಂಚಿನ ಗುಡಿಸಲು. ಇದರ ನೆಲವು ಅನೇಕ ವೇಳೆ ಒಬ್ಬನದು, ಗೋಡೆ ಹುಲ್ಲುಗಳು ಇನ್ನೊಬ್ಬನವು. ಈ ಕಡೆಯ ಸಂಗತಿಯು ಮುಂದಿನ ವಿಚಾರಕ್ಕೆ ಮುಖ್ಯವಾದುದರಿಂದ ನೆನಪಿನಲ್ಲಿಡತಕ್ಕದ್ದು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಬಗೆಗಳು ಮಾರ್ಪಡತೊಡಗಿದವು. ೧೮೬೧ರಿಂದ ೧೮೬೫ರವರೆಗೆ ಅಮೇರಿಕೆಯಲ್ಲಿ ನಡೆದ ಅಂತಃಕಲಹದ ಮೂಲಕ ಹತ್ತಿಯ ಬೆಲೆಯು ಏರಿ, ಧಾರವಾಡ ಜಿಲ್ಲೆಯ ಹತ್ತಿಯ ಪೇಟೆಗಳಿಗೆ ಹಣವು ಹರಿದುಬಂದಿತು. ಶತಮಾನದ ಕೊನೆಯ ಭಾಗದಲ್ಲಿ ಸದರ್ನ ಮರಾಠಾ ರೈಲ್ವೆಯು ಬಂದ ಮೇಲೆ ಪೇಟೆಗಳು ನಿಲ್ದಾಣಗಳ ಕಡೆಗೆ ಬೆಳೆದವು. ೧೮೬೫ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಕೈಗಾರಿಕೆಯ ಫಲವಾಗಿ ಮಂಗಳೂರು ಹಂಚು ಘಟ್ಟದ ಮೇಲಕ್ಕೂ ಹಬ್ಬಿ, ಮಾಳಿಗೆಯ ಪಕ್ಕದಲ್ಲಿ ಕೆಂಪು ಮಾಡು ಎದ್ದಿತು. ೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಧಾರವಾಡ ಜಿಲ್ಲೆಗೂ ಹರಡಿದಾಗ, ಜನರು ಊರುಬಿಟ್ಟು ಹೊರಗಿನ ಬಯಲುಗಳಲ್ಲಿ ಗುಡಿಸಲು ಹಾಕಿಕೊಂಡು ಇರಬೇಕಾಯಿತು. ಕತ್ತಲೆಯ, ಗಾಳಿಯಿಲ್ಲದ ಮನೆಯು ಅಪಾಯಕರವೆಂಬ ಭಾವನೆಯು ಆಗ ಬಲಗೊಂಡಿತು. ದನಗಳನ್ನು ಮನೆಯಿಂದ ಹೊರಗೆ ಕಟ್ಟುವುದೂ ಕಿಟಕಿಗಳನ್ನು ತೆರೆಯುವುದೂ ಮೆಲ್ಲಮೆಲ್ಲನೆ ರೂಢಿಗೆ ಬಂದವು. ನೌಕರರೂ ಕೂಲಿಕಾರರೂ ಪೇಟೆಗೆ ಬಂದಂತೆ ಐದನೆಯದೊಂದು ಬಗೆಯೂ ಹುಟ್ಟಿತು. ಅದೇ ಚಾಳ: ಒಂದೇ ಮಾಡಿನ ಕೆಳಗೆ ಸಾಲಾಗಿ ಖೋಲಿಗಳು, ಮುಂದೆ ಒಂದು ಉದ್ದನೆಯ ಕಟ್ಟೆ, ಎಲ್ಲರಿಗೂ ಸೇರಿ ಒಂದು ಬಾವಿ ಅಥವಾ ನಲ್ಲಿ. ಮೊದಲಿನ ನಾಲ್ಕು ಬಗೆಗಳು ಇರುವುದಕ್ಕಾಗಿ ಕಟ್ಟಿದವು. ಚಾಳವೊಂದೇ ಬಾಡಿಗೆಗೆ ಕೊಡುವುದಕ್ಕಾಗಿಯೇ ಕಟ್ಟಿದ್ದು.

೩

ಇನ್ನು ಹಕ್ಕಿನ ವಿಚಾರ. ಚಾಲುಕ್ಯರ ಮತ್ತು ಅವರ ತರುವಾಯದ ಅರಸರ ಶಾಸನಗಳಲ್ಲಿ ದೇವಾಲಯಗಳಿಗೂ ಬ್ರಾಹ್ಮಣರಿಗೂ ಭೂಮಿ, ತೋಟ, ಗಾಣಗಳೊಡನೆ ಮನೆಗಳನ್ನೂ ಮನೆಯ ನಿವೇಶನಗಳನ್ನೂ ಬಿಟ್ಟುದು ಪದೇಪದೇ ಕಾಣುತ್ತದೆ. ನಿವೇಶನದ ಅಗಲ ನೀಳಗಳನ್ನು ಕೈಗಳಿಂದ ಅಳೆದು ಹೇಳುವುದುಂಟು. ಮನೆವಣ, ಮನೆದೆಱೆ ಎಂಬ ತೆರಿಗೆಗಳ ಹೆಸರುಗಳೂ ಬರುತ್ತವೆ. ಆದುದರಿಂದ ಮನೆಯು ಭೂಮಿಯಿಂದ ಬೇರೆಯಾಗಿ ಅಳೆಯತಕ್ಕ, ಕೊಡತಕ್ಕ, ತೆರಿಗೆ ಹಾಕತಕ್ಕ ಒಂದು ವಸ್ತುವೆಂಬ ಭಾವನೆಯು ಈ ನಾಡಿನಲ್ಲಿ ಬಹು ಹಿಂದಿನದು.

ಇಂಥ ವಸ್ತುವಿನ ಪರಾಧೀನವು ಹೇಗೆ ಆಗಬೇಕೆಂಬುದನ್ನು ತಿಳಿಯಲು ಕನ್ನಡನಾಡಿನಲ್ಲಿಯೇ ಹುಟ್ಟಿದ ಮಿತಾಕ್ಷರೆಯನ್ನು ನೋಡಬೇಕು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವಿದು. ಭೂಮಿಯು ಆರು ಸಾಧನಗಳಿಂದ ಒಬ್ಬನಿಂದ ಒಬ್ಬನಿಗೆ ಹೋಗುತ್ತದೆಂಬ ಒಂದು ವಚನವನ್ನು ಅವನು ಎತ್ತಿಕೊಂಡು ವಿವರಿಸುತ್ತಾನೆ. ಗ್ರಾಮದವರ, ಜ್ಞಾತಿಗಳ, ನೆರೆಯವರ, ದಾಯಾದರ ಅನುಮತಿಗಳು ನಾಲ್ಕು. ಹಿರಣ್ಯದಾನ, ಉದಕದಾನಗಳು ಎರಡು. ಇವುಗಳಲ್ಲಿ ಗ್ರಾಮದವರ ಅನುಮತಿಯು ವ್ಯವಹಾರವು ಬಹಿರಂಗವಾಗಲೆಂದು ಮಾತ್ರವೇ ಹೊರತು ಅವರಿಗೆ ಒಡೆತನವುಂಟೆಂದಲ್ಲ. ನೆರೆಯವರ ಅನುಮತಿಯು ಮೇರೆಯ ವಿವಾದ ಹುಟ್ಟದಿರಲೆಂದು. ಜ್ಞಾತಿಗಳ ಅನುಮತಿಯು ವಿಭಾಗವಾಗಿದೆಯೋ ಇಲ್ಲವೋ ಎಂಬ ಸಂದೇಹವು ಉಳಿಯದಿರಲೆಂದು. ಸ್ಥಾವರದ ವಿಕ್ರಯಕ್ಕೆ ನಿಷೇಧವೂ ದಾನಕ್ಕೆ ಪ್ರಶಂಸೆಯೂ ಇರುವುದರಿಂದ, ಮಾರುವವನು ಹೊನ್ನನ್ನೂ ನೀರನ್ನೂ ಕೊಟ್ಟು ದಾನರೂಪದಿಂದಲೇ ವಿಕ್ರಯವನ್ನು ಮಾಡಬೇಕು. ಶಾಸನಗಳಲ್ಲಿ ಧಾರಾಪೂರ್ವಕವಾಗಿ ಬಿಟ್ಟರೆಂದು ಬರುವ ಮಾತಿಗೆ ಇದು ನೆರೆಹೊರೆಯಾದ ಭಾವನೆ.

ಈ ವಿವರಣೆಯಲ್ಲಿ ಗಮನಿಸತಕ್ಕ ಅಂಶವೊಂದಿದೆ. ವಿಜ್ಞಾನೇಶ್ವರನು ಪ್ರತಿಯೊಂದು ಅನುಮತಿಗೂ ಒಂದೊಂದು ಪ್ರಯೋಜನವನ್ನು ಹೇಳಿರುವನು: ಬಹಿರಂಗತೆ, ಮೇರೆ, ವಿಭಾಗ. ಇಂದು ಹಾವೇರಿಯಲ್ಲಿ ಮನೆಯೊಂದನ್ನು ಕೊಳ್ಳುವವನು ಕೇಳಬೇಕಾದ ಪ್ರಶ್ನೆಗಳೂ ಇವೇ. ಉತ್ತರ ಕೊಡುವ ಸ್ಥಳ ಮಾತ್ರ ಬೇರೆಯಾಗಿದೆ. ಬಹಿರಂಗತೆಯನ್ನು ಗ್ರಾಮಸಭೆಯಿಂದ ನೋಂದಣಿ ಕಚೇರಿಯು ತೆಗೆದುಕೊಂಡಿತು. ಮೇರೆಯನ್ನು ನೆರೆಯವನ ಬಾಯಿಂದ ಮೋಜಣಿಯ ನಕಾಶೆಯು ತೆಗೆದುಕೊಂಡಿತು. ವಿಭಾಗವನ್ನು ಹಿರಿಯರ ನೆನಪಿನಿಂದ ವಾಟಣಿ ಪತ್ರವು ತೆಗೆದುಕೊಂಡಿತು.

೪

ಈ ಸ್ಥಳಾಂತರವು ನಡೆದುದು ಮುಖ್ಯವಾಗಿ ಮೂರು ಕಾಯಿದೆಗಳ ಮೂಲಕ. ೧೮೭೯ರ ಮುಂಬಯಿ ಜಮೀನು ಕಂದಾಯದ ಕಾಯಿದೆಯು ಊರೊಳಗಿನ ನಿವೇಶನಗಳನ್ನೂ ಅಳೆದು, ಇದ್ದವರಿಗೆ ಸನದು ಕೊಡುವ ಏರ್ಪಾಡನ್ನು ಮಾಡಿತು. ೧೮೮೨ರ ಸ್ವತ್ತಿನ ವರ್ಗಾವಣೆಯ ಕಾಯಿದೆಯು ಮುಂಬಯಿ ಇಲಾಖೆಗೆ ೧೮೯೩ನೆಯ ಜನವರಿ ೧ರಿಂದ ಅನ್ವಯಿಸಿತು. ಅದರಂತೆ ನೂರು ರೂಪಾಯಿಗಳೂ ಅದಕ್ಕೆ ಮೇಲೂ ಬೆಲೆಯುಳ್ಳ ಸ್ಥಾವರದ ಕ್ರಯಕ್ಕೆ ನೋಂದಾಯಿಸಿದ ಪತ್ರವು ಅವಶ್ಯವಾಯಿತು. ೧೯೦೮ರ ನೋಂದಣಿ ಕಾಯಿದೆಯು ಯಾವ ಯಾವ ಪತ್ರಗಳನ್ನು ನೋಂದಾಯಿಸಲೇಬೇಕೆಂಬುದನ್ನು ನಿರ್ಧರಿಸಿತು.

ಇವುಗಳಿಂದ ಮನೆಯನ್ನು ಹೇಳುವ ಕ್ರಮವೇ ಬದಲಾಯಿತು. ಹಿಂದೆ ಮನೆಯನ್ನು ಅದರ ನೆರೆಯಿಂದ ಹೇಳುತ್ತಿದ್ದರು: ಮೂಡಲಿಗೆ ಇಂಥವರ ಮನೆ, ತೆಂಕಲಿಗೆ ಬೀದಿ, ಪಡುವಲಿಗೆ ಮಠದ ಗೋಡೆ, ಬಡಗಲಿಗೆ ಹಾಳುಜಾಗ. ಈಗ ನಂಬರಿನಿಂದ ಹೇಳತೊಡಗಿದರು. ಹಳೆಯ ಕ್ರಮವು ಚಕಬಂದಿಯ ರೂಪದಿಂದ ಕ್ರಯಪತ್ರಗಳಲ್ಲಿ ಇಂದಿಗೂ ಉಳಿದಿದೆ. ನಂಬರೂ ಚಕಬಂದಿಯೂ ಒಂದಕ್ಕೊಂದು ಹೊಂದದಿದ್ದಾಗಲೇ ವ್ಯಾಜ್ಯಗಳು ಹುಟ್ಟುವುವು. ಹೇಗೆಂದರೆ, ಅಣ್ಣತಮ್ಮಂದಿರು ಪಾಲಾದಾಗ ಆರು ಅಂಕಣದ ಮನೆಯ ಪಡಸಾಲೆಯಲ್ಲಿ ಒಂದು ಗೋಡೆಯೆದ್ದು ಮೂರು ಮೂರು ಅಂಕಣದ ಎರಡು ಮನೆಗಳಾಗುತ್ತವೆ. ನಂಬರು ಒಂದೇ ಉಳಿಯುವುದುಂಟು. ಒಬ್ಬನ ಮಾಳಿಗೆಯ ನೀರು ಇನ್ನೊಬ್ಬನ ಹಿತ್ತಲಿಗೆ ಬೀಳುತ್ತದೆ. ಬಾವಿಗೆ ಹೋಗುವ ದಾರಿಯು ಇಬ್ಬರಿಗೂ ಬೇಕು. ನಡುವಿನ ಗೋಡೆಯು ಇಬ್ಬರದು. ನೀರು, ಬೆಳಕು, ದಾರಿಗಳ ಈ ಹಕ್ಕುಗಳನ್ನು ಹಿಂದಿನ ಸ್ಮೃತಿಕಾರರೂ ಬಲ್ಲರು; ಗವಾಕ್ಷ, ನೀರುಗಾಲುವೆಗಳು ಮನೆ ಕಟ್ಟಿದಂದಿನಿಂದ ಇದ್ದಂತೆಯೇ ಇರಬೇಕೆಂದು ಅವರು ವಿಧಿಸಿರುತ್ತಾರೆ. ೧೮೮೨ರ ಸೌಕರ್ಯಗಳ ಕಾಯಿದೆಯು ಇಪ್ಪತ್ತು ವರುಷಗಳ ನಿರಾತಂಕವಾದ ಅನುಭವದಿಂದ ಇಂಥ ಹಕ್ಕು ದೃಢವಾಗುತ್ತದೆಂದು ಹೇಳಿತು. ಕೊಳ್ಳುವವನು ಗೋಡೆಗಳ ಜೊತೆಗೆ ಈ ಹಕ್ಕುಗಳನ್ನೂ ಹೊಣೆಗಳನ್ನೂ ಕೊಂಡಂತಾಗುವುದು.

ದಾಯಾದರ ವಿಷಯದಲ್ಲಿ ದೊಡ್ಡ ಮಾರ್ಪಾಡು ಇತ್ತೀಚಿನದು. ಕರ್ನಾಟಕದಲ್ಲಿ ೧೯೯೪ರಿಂದಲೂ ಭಾರತದ ಎಲ್ಲ ಕಡೆಗೂ ೨೦೦೫ರಿಂದಲೂ ಅವಿಭಕ್ತ ಕುಟುಂಬದಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಿಗೆ ಸಮನಾದ ಹಕ್ಕು ದೊರೆಯಿತು. ೨೦೨೦ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಹಕ್ಕು ಹುಟ್ಟಿನಿಂದಲೇ ಬರತಕ್ಕದ್ದೆಂದು ನಿರ್ಣಯಿಸಿತು. ಮದುವೆಯಾಗಿ ಬೇರೆ ಊರಿಗೆ ಹೋದ ಮಗಳ ಸಹಿಯಿಲ್ಲದೆ ಅಣ್ಣತಮ್ಮಂದಿರಷ್ಟೇ ಕೂಡಿ ಪಿತ್ರಾರ್ಜಿತ ಮನೆಯನ್ನು ಮಾರಿದರೆ ಆ ಕ್ರಯವು ಅಷ್ಟರಮಟ್ಟಿಗೆ ದುರ್ಬಲವಾದುದು. ದಾಯಾದರ ಅನುಮತಿಯು ಬೇಕೆಂಬ ಮಿತಾಕ್ಷರೆಯ ನಿಯಮವು ಹಾಗೆಯೇ ಇದೆ. ದಾಯಾದರು ಯಾರೆಂಬುದು ಮಾತ್ರ ವಿಸ್ತಾರಗೊಂಡಿದೆ.

೫

ಕ್ರಯದ ಹೊರತು ಮನೆಯಲ್ಲಿ ಇರುವ ರೀತಿಗಳು ಎರಡು: ಬಾಡಿಗೆ ಮತ್ತು ಭೋಗ್ಯ. ಬಾಡಿಗೆಯೆಂಬುದು ಸಂಸ್ಕೃತದ ಭಾಟಕದ ತದ್ಭವವು. ನಾರದಸ್ಮೃತಿಯಲ್ಲಿ ಇದಕ್ಕೆ ಸ್ತೋಮವೆಂಬ ಹೆಸರೂ ಇದೆ. ಪರರ ನೆಲದಲ್ಲಿ ಮನೆ ಕಟ್ಟಿಕೊಂಡು ಸ್ತೋಮವನ್ನು ಕೊಟ್ಟು ವಾಸಿಸುವವನು ಬಿಟ್ಟುಹೋಗುವಾಗ ತನ್ನ ಹುಲ್ಲು, ಮರ, ಇಟ್ಟಿಗೆಗಳನ್ನು ತೆಗೆದುಕೊಂಡು ಹೋಗಬಹುದು. ಸ್ತೋಮವನ್ನು ಕೊಡದೆ ಇದ್ದವನು ಅವನ್ನು ಮುಟ್ಟಲಾಗದು ಎಂಬುದು ನಾರದನ ನಿಯಮ. ಊರಂಚಿನ ಗುಡಿಸಲಿನ ವಿಷಯವನ್ನು ಇಲ್ಲಿ ನೆನೆಯಬೇಕು. ಬಾಡಿಗೆದಾರನು ನೆಲಕ್ಕೆ ಅಂಟಿಸಿದ ವಸ್ತುಗಳನ್ನು, ಸ್ವತ್ತನ್ನು ಮೊದಲಿನ ಸ್ಥಿತಿಯಲ್ಲಿ ಬಿಡುವುದಾದರೆ, ತಾನು ಸ್ವಾಧೀನದಲ್ಲಿರುವಾಗ ತೆಗೆದುಕೊಂಡು ಹೋಗಬಹುದೆಂದು ೧೮೮೨ರ ಕಾಯಿದೆಯ ೧೦೮ನೆಯ ಕಲಮು ಹೇಳುವುದೂ ಅದೇ ದಾರಿಯಲ್ಲಿದೆ. ಬಾಡಿಗೆಯ ಕರಾರು ಒಂದು ವರುಷವನ್ನು ಮೀರಿದರೆ ನೋಂದಣಿಯು ಅವಶ್ಯವಾದುದರಿಂದಲೇ ಹನ್ನೊಂದು ತಿಂಗಳ ಕರಾರು ಎಲ್ಲೆಡೆಯಲ್ಲಿಯೂ ರೂಢಿಯಾಯಿತು. ಬೇರೆ ಕರಾರಿಲ್ಲದಿದ್ದರೆ ವಾಸದ ಬಾಡಿಗೆಯು ತಿಂಗಳಿಂದ ತಿಂಗಳಿಗೆಂದೂ ಹದಿನೈದು ದಿನಗಳ ನೋಟೀಸಿನಿಂದ ಮುಗಿಯುವುದೆಂದೂ ಅದೇ ಕಾಯಿದೆಯ ೧೦೬ನೆಯ ಕಲಮು ಹೇಳುವುದು. ಆದಕಾರಣ ಬಾಡಿಗೆದಾರನ ನೆಲೆಯು ಕಾಗದದಲ್ಲಿ ಬರೆದುದಕ್ಕಿಂತ ಗಟ್ಟಿಯಾದುದಲ್ಲ.

ಭೋಗ್ಯವು ಬೇರೆ. ಇದರಲ್ಲಿ ತಿಂಗಳ ಬಾಡಿಗೆಯಿಲ್ಲ. ಇರತಕ್ಕವನು ಮನೆಯ ಒಡೆಯನಿಗೆ ಒಂದು ಗಂಟು ಹಣವನ್ನು ಕೊಡುತ್ತಾನೆ. ಹಣದ ಬಡ್ಡಿಗೆ ಬದಲಾಗಿ ಮನೆಯನ್ನು ಅನುಭವಿಸುತ್ತಾನೆ. ಹಣವು ಹಿಂದಿರುಗಿದಾಗ ಮನೆಯನ್ನು ಬಿಡುತ್ತಾನೆ. ಯಾಜ್ಞವಲ್ಕ್ಯನ ಋಣಾದಾನ ಪ್ರಕರಣದಲ್ಲಿ ಅಡವಿಟ್ಟ ವಸ್ತುವಿಗೆ ಆಧಿಯೆಂದು ಹೆಸರು. ಅವಧಿ ಮೀರಿದರೆ ಬೇರೆ ಆಧಿಗಳು ಕೈತಪ್ಪಿ ಹೋಗಬಹುದು. ಆದರೆ ಫಲವನ್ನು ಅನುಭವಿಸಲು ಕೊಟ್ಟ ಆಧಿಯು ಎಂದಿಗೂ ಒಡೆಯನ ಕೈತಪ್ಪದೆಂದು ಅವನು ವಿಧಿಸುತ್ತಾನೆ. ಈ ನಿಯಮದ ಬಾಳಿಕೆಯು ಆಶ್ಚರ್ಯಕರವಾದುದು. ಭೋಗ್ಯದ ಅಡಮಾನದಲ್ಲಿ ಒಡೆಯನು ಸ್ವತ್ತನ್ನು ಬಿಡಿಸಿಕೊಳ್ಳುವ ಹಕ್ಕಿಗೆ ಅಡಮಾನದ ದಿನದಿಂದ ಕಾಲಮಿತಿಯನ್ನು ಎಣಿಸಲಾಗದು, ಹಣ ತೀರಿದಂದಿನಿಂದಲೇ ಎಣಿಸಬೇಕು ಎಂದು ಭಾರತದ ಸರ್ವೋಚ್ಚ ನ್ಯಾಯಾಲಯವು ೨೦೧೪ರಲ್ಲಿ ನಿರ್ಣಯಿಸಿತು. ಸ್ಮೃತಿಯ ಮಾತಿಗೂ ಈ ತೀರ್ಪಿಗೂ ನಡುವೆ ಸಾವಿರಕ್ಕೂ ಹೆಚ್ಚು ವರುಷಗಳು ಕಳೆದಿದ್ದರೂ ಫಲಿತಾಂಶವು ಒಂದೇ.

ಭೋಗ್ಯವು ಒಡೆಯನನ್ನು ರಕ್ಷಿಸುವಂತೆ ಇರುವವನನ್ನೂ ರಕ್ಷಿಸುತ್ತದೆ. ನೋಂದಾಯಿಸಿದ ಭೋಗ್ಯಪತ್ರವಿದ್ದರೆ ಹಣವು ಹಿಂದಿರುಗುವವರೆಗೆ ಅವನು ಮನೆಯನ್ನು ಬಿಡಬೇಕಾಗಿಲ್ಲ. ಅವನ ಹಕ್ಕು ಮನೆಯ ಮೇಲೆಯೇ ನಿಂತಿರುತ್ತದೆ. ಇತ್ತೀಚಿನ ದಶಕಗಳಲ್ಲಿ ನಗರಗಳ ಮಾತಿನಲ್ಲಿ ಈ ವ್ಯವಹಾರಕ್ಕೆ ಲೀಸು ಎಂಬ ಹೆಸರು ಬಂದಿದೆ. ಲೀಸೆಂದರೆ ಕಾಯಿದೆಯಲ್ಲಿ ಬಾಡಿಗೆಯ ಗೇಣಿ, ಅಡಮಾನವಲ್ಲ. ಹೆಸರಿನ ಈ ಪಲ್ಲಟದಿಂದ ಕೇವಲ ಭಾಷೆಗೆ ಹಾನಿಯಾಗಿದ್ದರೆ ಚಿಂತೆಯಿರಲಿಲ್ಲ. ಭೋಗ್ಯವನ್ನು ಲೀಸೆಂದು ಕರೆದು, ಬಾಡಿಗೆಯ ಕರಾರಿನಂತೆ ಹನ್ನೊಂದು ತಿಂಗಳಿಗೆ ಛಾಪಾ ಕಾಗದದಲ್ಲಿ ಬರೆದು, ನೋಂದಾಯಿಸದೆ ಲಕ್ಷಗಟ್ಟಲೆ ಹಣವನ್ನು ಕೊಡುವುದು ಈಗಿನ ರೂಢಿ. ಮನೆಯ ಮೇಲೆ ಮೊದಲೇ ಬೇರೊಂದು ಸಾಲವಿದ್ದರೆ, ಅಥವಾ ಒಡೆಯನು ಮನೆಯನ್ನು ಇನ್ನೊಬ್ಬನಿಗೆ ಮಾರಿದರೆ, ಇದ್ದವನ ಕೈಯಲ್ಲಿ ಉಳಿಯುವುದು ಹಣವನ್ನು ವಸೂಲು ಮಾಡುವ ದಾವೆಯೊಂದೇ ಎಂಬ ಸ್ಥಿತಿ ಒದಗಬಹುದು. ಹೊಲವನ್ನು ಭೋಗ್ಯಕ್ಕೆ ಹಾಕುವ ರೈತನಿಗೆ ಶಬ್ದದ ಅರ್ಥವು ಸ್ಪಷ್ಟವಾಗಿದೆ. ಮಗನ ಶಾಲೆಗಾಗಿಯೋ ನೌಕರಿಗಾಗಿಯೋ ಅದೇ ರೈತನು ರಾಣೇಬೆನ್ನೂರಿಗೆ ಬಂದು ಮನೆಯನ್ನು ಲೀಸಿಗೆ ಹಿಡಿದಾಗ ಅದು ಮಸುಕಾಗುತ್ತದೆ. ಶಬ್ದವನ್ನು ಕಳೆದುಕೊಂಡವನು ಅದರೊಡನೆ ರಕ್ಷಣೆಯನ್ನೂ ಕಳೆದುಕೊಳ್ಳುತ್ತಾನೆ.

೬

ಸ್ವಾತಂತ್ರ್ಯಾನಂತರ ಕಟ್ಟಡದ ಬಗೆಗಳು ಮತ್ತೊಮ್ಮೆ ಬದಲಾದವು. ಕಲ್ಲು ಮಣ್ಣುಗಳ ಗೋಡೆಯ ಬದಲು ಇಟ್ಟಿಗೆ ಸಿಮೆಂಟು, ಮಾಳಿಗೆಯ ಬದಲು ಕಾಂಕ್ರೀಟಿನ ಛತ್ತು ಬಂದವು. ಊರ ಸುತ್ತಲಿನ ಹೊಲಗಳು ಬಿನ್‌ಶೇತ್ಕಿಯಾಗಿ ಪ್ಲಾಟುಗಳಾದವು. ಅವುಗಳ ಮೇಲೆ ನಗರ, ಬಡಾವಣೆ, ಕಾಲೋನಿ ಎಂಬ ಹೆಸರುಗಳ ವಸತಿಗಳು ಎದ್ದವು. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಪೇಟೆಯು ಬೆಳೆದು, ೨೦೧೧ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತು ದೊರೆಯಿತು. ಬಳ್ಳಾರಿ, ರಾಯಚೂರು, ಆಂಧ್ರದ ಕರ್ನೂಲುಗಳಿಂದಲೂ ಮಾಲು ಬರುವ ಈ ಪೇಟೆಯಲ್ಲಿ ವಖಾರಿ, ಶೀತಲಗೃಹಗಳೂ ಹೆಚ್ಚಿದವು. ಹುಬ್ಬಳ್ಳಿ-ಧಾರವಾಡಗಳಂಥ ದೊಡ್ಡ ನಗರಗಳಲ್ಲಿ ಮಹಡಿಯ ಮೇಲೆ ಮಹಡಿಯಾಗಿ ಎದ್ದ ಅಪಾರ್ಟಮೆಂಟುಗಳಲ್ಲಿ ಒಡೆತನದ ಹೊಸ ರೂಪವೊಂದು ತೋರುತ್ತದೆ. ೧೯೭೨ರ ಕರ್ನಾಟಕ ಅಪಾರ್ಟಮೆಂಟು ಒಡೆತನದ ಕಾಯಿದೆಯಂತೆ ಮನೆಯು ಒಬ್ಬನದು. ನೆಲದಲ್ಲಿಯೂ ಮೆಟ್ಟಿಲು, ಅಂಗಳಗಳಲ್ಲಿಯೂ ಅವನಿಗೆ ಎಲ್ಲರೊಡನೆ ಅವಿಭಕ್ತವಾದ ಪಾಲು. ಆರು ಅಂಕಣದ ಮನೆಯಲ್ಲಿ ನಡುಗೋಡೆ ಬಾವಿಗಳು ಇಬ್ಬರು ಅಣ್ಣತಮ್ಮಂದಿರದಾಗಿದ್ದ ಸ್ಥಿತಿಯೇ ಇಲ್ಲಿ ಅಪರಿಚಿತರಾದ ಹತ್ತಾರು ಕುಟುಂಬಗಳಿಗೆ ಹಬ್ಬಿದೆಯೆಂದು ಹೇಳಬಹುದು.

ಹೊಸ ವಸತಿಗಳಲ್ಲಿ ಜನರನ್ನು ಹೆಚ್ಚಾಗಿ ಮೋಸಗೊಳಿಸುವ ಶಬ್ದವು ಖಾತೆ. ನಗರಸಭೆಯ ಅಥವಾ ಪುರಸಭೆಯ ಉತಾರದಲ್ಲಿ ಹೆಸರಿರುವುದು ತೆರಿಗೆ ಕೊಡುವವನು ಯಾರೆಂಬುದಕ್ಕೆ ಗುರುತು. ಒಡೆತನವು ಕ್ರಯಪತ್ರ, ವಾಟಣಿ, ಮೃತ್ಯುಪತ್ರ ಮೊದಲಾದ ಮೂಲಗಳಿಂದ ಸಿದ್ಧವಾಗಬೇಕು. ಖಾತೆಯೊಂದರಿಂದಲೇ ಸ್ವಾಮ್ಯವು ಬಾರದೆಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಶಾಸನಕಾಲದ ಮನೆವಣವು ಮನೆಯ ಮೇಲಿನ ತೆರಿಗೆಯಾಗಿದ್ದಂತೆ ಖಾತೆಯೂ ತೆರಿಗೆಯ ಬರಹವು. ಅಂತೆಯೇ ೧೯೬೪ರ ಕರ್ನಾಟಕ ಭೂಕಂದಾಯ ಕಾಯಿದೆಯ ೯೫ನೆಯ ಕಲಮಿನಂತೆ ಪರಿವರ್ತನೆಯಾಗದ ಹೊಲದಲ್ಲಿ ಎದ್ದ ಮನೆಯು ಎಷ್ಟೇ ಸುಂದರವಾಗಿದ್ದರೂ ಕಾಗದದಲ್ಲಿ ಅದು ಹೊಲವೇ.

ಮೇಲಿನ ವಿಚಾರದಿಂದ ತಿಳಿಯುವುದಿಷ್ಟು. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳಲ್ಲಿ ಮಾಳಿಗೆಯ ಮನೆ, ವಾಡೆ, ಅಂಗಡಿಮನೆ, ಗುಡಿಸಲು, ಚಾಳ, ಹಂಚಿನ ಮನೆ, ಕಾಂಕ್ರೀಟಿನ ಮನೆ ಎಂದು ಕಟ್ಟಡದ ಬಗೆಗಳು ಏಳೆಂಟಾದರೂ, ಅವುಗಳಲ್ಲಿ ಇರುವ ಹಕ್ಕಿನ ಬಗೆಗಳು ಮುಖ್ಯವಾಗಿ ಮೂರೇ: ಕ್ರಯ, ಭೋಗ್ಯ, ಬಾಡಿಗೆ. ಕಟ್ಟಡವು ಯಾವುದಾದರೂ ಆಗಬಹುದು, ಕ್ರಯವಾದರೆ ಬಹಿರಂಗತೆ,
ಮೇರೆ, ವಿಭಾಗಗಳನ್ನೂ, ಭೋಗ್ಯವಾದರೆ ಹಣಕ್ಕೆ ಮನೆಯೇ ಆಧಾರವಾಗಿದೆಯೋ ಎಂಬುದನ್ನೂ, ಬಾಡಿಗೆಯಾದರೆ ಅವಧಿಯನ್ನೂ ನೋಡಬೇಕಾದುದು ವಿಜ್ಞಾನೇಶ್ವರನ ಕಾಲಕ್ಕೂ ಇಂದಿಗೂ ಸಮಾನವಾಗಿದೆ. ಅಂಕಣ, ಹಗೇವು, ಬೆಳಕಿಂಡಿಗಳು ಮನೆಗಳೊಡನೆಯೇ ಕಣ್ಮರೆಯಾಗುತ್ತಿರುವುದರಿಂದ ಅವುಗಳ ಹೆಸರುಗಳನ್ನು ಸಂಗ್ರಹಿಸಿಡುವುದು ವಿದ್ವಾಂಸರ ಕರ್ತವ್ಯವು. ಭೋಗ್ಯ, ವಾಟಣಿ, ಚಕಬಂದಿಗಳು ಹಾಗಲ್ಲ. ಅವುಗಳ ಸಂಗತಿಯು ಇನ್ನೂ ಜೀವಂತವಾಗಿರುವುದರಿಂದ, ಅವುಗಳ ಅರ್ಥವನ್ನು ಸ್ಪಷ್ಟವಾಗಿ ಕಲಿಸುವುದು ಭಾಷೆಯ ಉಪಾಧ್ಯಾಯರ ಕೆಲಸವೂ ಆಗಿದೆ.